ರಟ್ಟಿನ ಫೈಲಿನಿಂದ ತೆರೆಯ ಮೇಲಕ್ಕೆ: ವಿದ್ಯಾರ್ಥಿಗಳೂ ಶಿಕ್ಷಕರೂ ಇ-ಕೃತಿಸಂಪುಟ ಕಟ್ಟುವ ಬಗೆ

ದಾವಣಗೆರೆ, ಚಿತ್ರದುರ್ಗ ಭಾಗದ ಸರ್ಕಾರಿ ಶಾಲೆಗಳ ಬೀರು ತೆರೆದರೆ ದಾರ ಕಟ್ಟಿದ ರಟ್ಟಿನ ಫೈಲುಗಳ ಸಾಲು ಕಣ್ಣಿಗೆ ಬೀಳುತ್ತದೆ. ಮೇಲೆ ಮಗುವಿನ ಹೆಸರು, ತರಗತಿ, ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ‘ಕೃತಿಸಂಪುಟ’ ಎಂಬ ಬರಹ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಜಾರಿಗೆ ಬಂದಾಗಿನಿಂದ ಈ ಫೈಲುಗಳಿಗೆ ಮಕ್ಕಳ ಚಿತ್ರ, ಯೋಜನಾ ವರದಿ, ಕಿರುಪರೀಕ್ಷೆಯ ಹಾಳೆ ಎಲ್ಲವೂ ಸೇರುತ್ತ ಬಂದಿವೆ. ವರ್ಷ ಮುಗಿಯುವ ಹೊತ್ತಿಗೆ ಫೈಲು ಉಬ್ಬಿರುತ್ತದೆ, ಯಾರೋ ತಿರುವಿ ನೋಡಿ ಸಹಿ ಹಾಕುತ್ತಾರೆ, ಮುಂದಿನ ಜೂನ್ ಬರುವಷ್ಟರಲ್ಲಿ ಅದು ಮೂಲೆ ಸೇರಿರುತ್ತದೆ. ಅದರೊಳಗಿನ ಕೆಲಸವನ್ನು ಮಾಡಿದ ಮಗುವೇ ಅದನ್ನು ಮತ್ತೊಮ್ಮೆ ಬಿಚ್ಚಿ ನೋಡುವುದು ಬಲು ಅಪರೂಪ.

ಇ-ಕೃತಿಸಂಪುಟ ಅಥವಾ ಇ-ಪೋರ್ಟ್‌ಫೋಲಿಯೊ ಎಂದರೆ ಈ ಫೈಲಿನ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಂಟರ್ನೆಟ್‌ಗೆ ಏರಿಸುವುದು ಎಂದು ಅನೇಕರು ತಿಳಿದಿದ್ದಾರೆ. ಹಾಗೆ ಮಾಡಿದರೆ ಬೀರುವಿನ ಮೂಲೆಯಲ್ಲಿದ್ದದ್ದು ಗೂಗಲ್ ಡ್ರೈವ್ ಎಂಬ ಆನ್‌ಲೈನ್ ಉಗ್ರಾಣದ ಮೂಲೆಗೆ ಹೋಗುತ್ತದೆ, ಅಷ್ಟೇ. ಕಲಿತವರು ತಮ್ಮ ಕೆಲಸಗಳಲ್ಲಿ ಕೆಲವನ್ನು ತಾವೇ ಆರಿಸಿ, ಪ್ರತಿಯೊಂದರ ಪಕ್ಕದಲ್ಲೂ ‘ಇದನ್ನು ಮಾಡುವಾಗ ನನಗೆ ಏನು ತಿಳಿಯಿತು, ಏನು ಇನ್ನೂ ತಿಳಿದಿಲ್ಲ’ ಎಂದು ಬರೆದು, ಮತ್ತೆ ಮತ್ತೆ ತೆರೆದು ತಿದ್ದುವಂತೆ ಜೋಡಿಸಿಟ್ಟ ಸಂಗ್ರಹಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಬಿ.ಇಡಿ. ಪ್ರಶಿಕ್ಷಣಾರ್ಥಿಗಳ ಜೊತೆ, ಪ್ರೌಢಶಾಲೆಯ ಮಕ್ಕಳ ಜೊತೆ ಈ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತ ಬಂದಿರುವ ನನಗೆ ಸರಿಕಂಡ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲ ಹಂತ: ಯಾರಿಗಾಗಿ ಎಂಬುದನ್ನು ತೀರ್ಮಾನಿಸುವುದು

ಕಂಪ್ಯೂಟರ್ ಮುಂದೆ ಕೂರುವ ಮೊದಲೇ ಉತ್ತರಿಸಬೇಕಾದ ಪ್ರಶ್ನೆ ಇದು. ಇ-ಪೋರ್ಟ್‌ಫೋಲಿಯೊಗಳ ಬಗ್ಗೆ ದೀರ್ಘಕಾಲ ಕೆಲಸ ಮಾಡಿದ ಅಮೆರಿಕದ ಶಿಕ್ಷಣತಜ್ಞೆ ಹೆಲೆನ್ ಬ್ಯಾರೆಟ್ ಅವರು ಅದಕ್ಕೆ ಎರಡು ಮುಖಗಳಿವೆ ಎನ್ನುತ್ತಾರೆ. ಒಂದು ಕೆಲಸ ನಡೆಯುವ ಜಾಗ, ಇನ್ನೊಂದು ಕೆಲಸವನ್ನು ತೋರಿಸುವ ಜಾಗ. ನಮ್ಮ ಮನೆಗಳನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಳಮನೆಯಲ್ಲಿ ಕಾಳು ಕೇರುವುದು, ಹಸನು ಮಾಡುವುದು, ಚೆಲ್ಲುವುದು ಎಲ್ಲ ನಡೆಯುತ್ತದೆ. ಬಂದವರನ್ನು ಕೂರಿಸುವುದು ಪಡಸಾಲೆಯಲ್ಲಿ. ಕೃತಿಸಂಪುಟಕ್ಕೂ ಒಳಮನೆ ಬೇರೆ, ಪಡಸಾಲೆ ಬೇರೆ ಇರಬೇಕು. ಒಳಮನೆ ಎಂದರೆ ವಿದ್ಯಾರ್ಥಿ ಮತ್ತು ಶಿಕ್ಷಕರಿಗೆ ಮಾತ್ರ ಕಾಣುವ, ಕರಡುಗಳೂ ತಪ್ಪುಗಳೂ ತುಂಬಿರುವ ಫೋಲ್ಡರ್. ಪಡಸಾಲೆ ಎಂದರೆ ಪೋಷಕರಿಗೆ, ಮೌಲ್ಯಮಾಪಕರಿಗೆ, ಸಂದರ್ಶನಕ್ಕೆ ಕರೆದವರಿಗೆ ತೋರಿಸುವ ನಾಲ್ಕೈದು ಪುಟಗಳ ತಾಣ. ಇವೆರಡನ್ನೂ ಒಂದೇ ಕಡೆ ಮಾಡಲು ಹೋದಾಗ ಮಕ್ಕಳು ತಪ್ಪುಗಳನ್ನು ಅಳಿಸಿ ಬರೀ ಅಂದದ ಹಾಳೆಗಳನ್ನು ಇಡತೊಡಗುತ್ತಾರೆ; ಆಗ ಕಲಿಕೆಯ ಜಾಡೇ ಅಳಿಸಿಹೋಗುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವ ಸಮಗ್ರ ಪ್ರಗತಿಪತ್ರದಲ್ಲಿ ಶಿಕ್ಷಕರ ಮೌಲ್ಯಮಾಪನದ ಜೊತೆಗೆ ಮಗುವಿನ ಸ್ವಯಂ ಮೌಲ್ಯಮಾಪನಕ್ಕೂ ಸಹಪಾಠಿಗಳ ಮೌಲ್ಯಮಾಪನಕ್ಕೂ ಸ್ಥಾನವಿದೆ. ಅಂಕಪಟ್ಟಿಯಿಂದ ಅದು ಸಾಧ್ಯವಿಲ್ಲ, ಇಂಥ ಸಂಗ್ರಹದಿಂದ ಸಾಧ್ಯ.

ಎರಡನೆಯ ಹಂತ: ಕೂಡಿಡುವುದು

ಗೂಗಲ್ ಖಾತೆಯೊಂದಕ್ಕೆ ಉಚಿತವಾಗಿ ಸಿಗುವ ಜಾಗ 15 ಜಿಬಿ. ಅದನ್ನು ಜಿಮೇಲ್, ಫೋಟೋಗಳು ಮತ್ತು ಡ್ರೈವ್ ಮೂರೂ ಹಂಚಿಕೊಳ್ಳುತ್ತವೆ. ಬರಹ ಮತ್ತು ಚಿತ್ರಗಳಿಗೆ ಇದು ಧಾರಾಳವಾಗಿ ಸಾಕು, ತುಂಬಿಸುವುದು ವಿಡಿಯೊಗಳು. ಆದ್ದರಿಂದ ವಿಡಿಯೊ ಎರಡು ಮೂರು ನಿಮಿಷ ಮೀರದಿರಲಿ. ಡ್ರೈವ್‌ನಲ್ಲಿ ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ವಿಷಯಕ್ಕೊಂದು ಫೋಲ್ಡರ್ ಮಾಡಿಕೊಂಡರೆ ಸಾಕು, ಅದಕ್ಕಿಂತ ಆಳದ ಕವಲುಗಳು ಬೇಡ.

ಕಡತಕ್ಕೆ ಹೆಸರಿಡುವುದು ಚಿಕ್ಕ ವಿಷಯವೆನಿಸಿದರೂ ಮುಂದಿನ ಎಲ್ಲ ಕೆಲಸವೂ ಅದರ ಮೇಲೆ ನಿಂತಿದೆ. ಫೋನಿನಲ್ಲಿ ತೆಗೆದ ಚಿತ್ರಕ್ಕೆ ಫೋನೇ ಕೊಟ್ಟ ಉದ್ದುದ್ದ ಸಂಖ್ಯೆಯನ್ನು ಹಾಗೆಯೇ ಬಿಟ್ಟರೆ ಆರು ತಿಂಗಳ ನಂತರ ಯಾವುದು ಏನೆಂದು ಯಾರಿಗೂ ತಿಳಿಯುವುದಿಲ್ಲ. ಮೊದಲು ವರ್ಷ, ನಂತರ ತಿಂಗಳು, ದಿನ, ಆಮೇಲೆ ವಿಷಯ, ಕೊನೆಗೆ ಎಷ್ಟನೆಯ ಕರಡು ಎಂಬುದು ಬರಲಿ: ‘2025-08-12-ವಿಜ್ಞಾನ-ಮಂಡಕ್ಕಿ-ಕರಡು1’. ವರ್ಷ ಮೊದಲು ಬಂದರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಎರಡನೆಯ ಕರಡು ಬಂದಾಗ ಮೊದಲನೆಯದನ್ನು ಅಳಿಸಬಾರದು. ಮಗು ಎಲ್ಲಿಂದ ಎಲ್ಲಿಗೆ ಬಂದಿದೆ ಎಂಬುದಕ್ಕೆ ಇರುವ ಸಾಕ್ಷಿ ಅದೊಂದೇ.

ನೋಟ್‌ಬುಕ್ಕಿನ ಹಾಳೆ, ಚಾರ್ಟು, ಮಾದರಿಗಳನ್ನು ಸೇರಿಸಲು ಸ್ಕ್ಯಾನರ್ ಬೇಕಿಲ್ಲ. ಫೋನಿನ ಡ್ರೈವ್ ಆ್ಯಪ್‌ನಲ್ಲೇ ಸ್ಕ್ಯಾನ್ ಮಾಡುವ ಸೌಲಭ್ಯವಿದ್ದು, ಅದು ಹಾಳೆಯ ಅಂಚು ಗುರುತಿಸಿ, ನೆರಳು ತಗ್ಗಿಸಿ, ಪಿಡಿಎಫ್ ಮಾಡಿಕೊಡುತ್ತದೆ. ಟ್ಯೂಬ್‌ಲೈಟಿನ ಕೆಳಗೆ ನಮ್ಮದೇ ನೆರಳು ಬೀಳುವುದರಿಂದ ಬೆಳಗಿನ ಹೊತ್ತು ಕಿಟಕಿಯ ಪಕ್ಕ ಹಾಳೆ ಇಟ್ಟು ತೆಗೆದರೆ ಪೆನ್ಸಿಲ್ ಬರಹವೂ ಸ್ಪಷ್ಟವಾಗಿ ಮೂಡುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಒಂದು ಎಚ್ಚರಿಕೆ

ಇದನ್ನು ಬೇರೆಯಾಗಿ ಹೇಳಲೇಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ನಮ್ಮ ಶಿಕ್ಷಕರು ವರ್ಷಗಟ್ಟಲೆ ಪಾಠಯೋಜನೆ, ಪ್ರಶ್ನೆಪತ್ರಿಕೆ, ವರದಿಗಳನ್ನು ಬೆರಳಚ್ಚಿಸಿ ಇಟ್ಟಿದ್ದಾರೆ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಅದು ಅಚ್ಚುಕಟ್ಟಾದ ಕನ್ನಡ. ಫೋನಿನಲ್ಲೋ ಬೇರೆ ಊರಿನ ಕಂಪ್ಯೂಟರಿನಲ್ಲೋ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅಂಥ ಕಡತವನ್ನು ಇ-ಕೃತಿಸಂಪುಟಕ್ಕೆ ನೇರವಾಗಿ ಹಾಕಬಾರದು. ಮೊದಲು ಪರಿವರ್ತಕದ ಮೂಲಕ ಯೂನಿಕೋಡ್‌ಗೆ, ಅಂದರೆ ಎಲ್ಲ ಫೋನು ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತಕ್ಕೆ, ಬದಲಾಯಿಸಿ, ಒಮ್ಮೆ ಪೂರ್ತಿ ಓದಿ, ಒತ್ತಕ್ಷರಗಳೂ ಅರ್ಕಾವತ್ತೂ ಸರಿಯಾಗಿವೆಯೇ ಎಂದು ನೋಡಿಕೊಳ್ಳಬೇಕು. ಪರಿವರ್ತನೆಯಲ್ಲಿ ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲಿಯೇ. ಹೊಸದಾಗಿ ಬರೆಯುವುದನ್ನೆಲ್ಲ ಯೂನಿಕೋಡ್‌ನಲ್ಲೇ ಬರೆಯಬೇಕು. ಆಗ ಬರಹವನ್ನು ಹುಡುಕಬಹುದು, ನಕಲಿಸಿ ತಿದ್ದಬಹುದು, ಕಣ್ಣು ಕಾಣದವರು ಫೋನಿನಿಂದ ಓದಿಸಿ ಕೇಳಬಹುದು. ಟೈಪಿಂಗ್ ಬಾರದ ಮಕ್ಕಳು ಫೋನಿನ ಕೀಲಿಮಣೆ ಆ್ಯಪ್ ಜಿಬೋರ್ಡ್‌ನ ಕನ್ನಡ ಧ್ವನಿ ಟೈಪಿಂಗ್ ಬಳಸಿ ಮಾತಾಡಿ ಬರೆಸಿಕೊಳ್ಳಬಹುದು. ಮಾತಾಡಿ ಬರೆಸಿದ ಟಿಪ್ಪಣಿಗಳಲ್ಲಿ ದಾವಣಗೆರೆಯ ಆಡುಮಾತು ಹಾಗೆಯೇ ಇಳಿದಿರುತ್ತದೆ; ಅದನ್ನು ತಿದ್ದಿ ಗ್ರಂಥಭಾಷೆ ಮಾಡುವ ಗೋಜಿಗೆ ಶಿಕ್ಷಕರು ಹೋಗಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯ ಹಂತ: ಆರಿಸುವುದು

ಒಂದು ಶೈಕ್ಷಣಿಕ ಅವಧಿಗೆ (ಟರ್ಮ್‌ಗೆ) ಒಂದು ವಿಷಯದಿಂದ ಎರಡು ಕೃತಿಗಳು ಸಾಕು. ಒಂದು, ಮಗು ಹೆಮ್ಮೆಪಡುವಂಥದ್ದು. ಇನ್ನೊಂದು, ಮಗು ಕಷ್ಟಪಟ್ಟದ್ದು. ಆರಿಸಬೇಕಾದವರು ಮಕ್ಕಳೇ ಹೊರತು ಶಿಕ್ಷಕರಲ್ಲ. ಪ್ರತಿಭಾ ಕಾರಂಜಿಯ ಪ್ರಮಾಣಪತ್ರ, ಕ್ರೀಡಾಕೂಟದ ಫೋಟೋ ಇರಬಾರದೆಂದಲ್ಲ. ಅವುಗಳಿಗೆ ಕೊನೆಯಲ್ಲಿ ಒಂದು ಪುಟ ಮೀಸಲಿಟ್ಟರೆ ಆಯಿತು.

ನಾಲ್ಕನೆಯ ಹಂತ: ಹಿನ್ನೋಟದ ಟಿಪ್ಪಣಿ

ಇಡೀ ಕೆಲಸದ ಜೀವ ಇಲ್ಲಿದೆ, ಅತ್ಯಂತ ಹೆಚ್ಚು ಸಮಯ ಬೇಡುವುದೂ ಇದೇ. ‘ನಿನ್ನ ಅನುಭವ ಬರೆ’ ಎಂದು ಹೇಳಿದರೆ ನೂರಕ್ಕೆ ತೊಂಬತ್ತು ಮಕ್ಕಳು ‘ಯೋಜನೆ ತುಂಬಾ ಚೆನ್ನಾಗಿ ಮೂಡಿಬಂತು, ನನಗೆ ಬಹಳ ಸಂತೋಷವಾಯಿತು, ಮಾರ್ಗದರ್ಶನ ಮಾಡಿದ ಗುರುಗಳಿಗೆ ಧನ್ಯವಾದಗಳು’ ಎಂದು ಬರೆಯುತ್ತಾರೆ. ಅದು ಮಕ್ಕಳ ತಪ್ಪಲ್ಲ. ನಾವು ಕೇಳಿದ ಪ್ರಶ್ನೆಗೆ ಸಿಗುವ ಉತ್ತರವೇ ಅದು. ಕೇಳುವ ಬಗೆ ಬದಲಾಗಬೇಕು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ದಾವಣಗೆರೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ವಿಜ್ಞಾನದ ಯೋಜನೆಗೆ ಮಂಡಕ್ಕಿ ಭಟ್ಟಿಯನ್ನು ಆರಿಸಿಕೊಂಡಿದ್ದಳು. ಅವಳ ಮನೆ ಇದ್ದದ್ದೇ ಭಟ್ಟಿಗಳ ಓಣಿಯಲ್ಲಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಬೆರೆಸಿ ಹದಮಾಡಿ, ಕಾದ ಮರಳಿನಲ್ಲಿ ಹುರಿಯುವ ಕ್ರಮವನ್ನು ಚಿತ್ರಗಳೊಂದಿಗೆ ಅಚ್ಚುಕಟ್ಟಾಗಿ ಬರೆದಿದ್ದಳು. ಅವಳ ಮೊದಲ ಟಿಪ್ಪಣಿಯೂ ಮೇಲೆ ಹೇಳಿದ ಧಾಟಿಯದೇ. ಆಗ ಅವಳಿಗೆ ಮೂರು ಪ್ರಶ್ನೆ ಕೊಟ್ಟೆವು: ಶುರುಮಾಡುವಾಗ ನೀನು ಏನೆಂದುಕೊಂಡಿದ್ದೆ? ಆ ಎಣಿಕೆ ಎಲ್ಲಿ ತಪ್ಪಾಯಿತು ಅಥವಾ ನಿಜವಾಯಿತು? ಈಗಲೂ ನಿನಗೆ ತಿಳಿಯದೆ ಉಳಿದದ್ದು ಏನು? ಒಂದು ವಾರ ಬಿಟ್ಟು ಅವಳು ಬರೆದುತಂದದ್ದು ಹೀಗಿತ್ತು:

‘ಬಿಸಿಗೆ ಅಕ್ಕಿ ಅರಳುತ್ತೆ ಅಂತಷ್ಟೇ ನಾನು ಮೊದಲು ಬರೆದಿದ್ದೆ. ಭಟ್ಟಿಯ ಅಜ್ಜ ಅನ್ನಕ್ಕೆ ಹಾಕುವ ಮಾಮೂಲಿ ಅಕ್ಕಿಯನ್ನ ಅದೇ ಮರಳಿಗೆ ಹಾಕಿ ತೋರಿಸಿದರು. ಅದು ಅರಳಲಿಲ್ಲ, ಕೆಂಪಗಾಗಿ ಸೀದುಹೋಯ್ತು. ಬಿಸಿ ಎರಡಕ್ಕೂ ಒಂದೇ ಆದರೆ ಒಂದು ಯಾಕೆ ಅರಳಿತು ಅಂತ ಯೋಚನೆ ಬಂತು. ಬೇಯಿಸಿ ಒಣಗಿಸಿದ ಕಾಳಿನ ಒಳಗೆ ಸ್ವಲ್ಪ ನೀರು ಉಳಿದಿರುತ್ತೆ, ಅದು ಒಮ್ಮೆಲೆ ಆವಿಯಾಗಿ ಒಳಗಿಂದ ಒತ್ತುತ್ತೆ ಅಂತ ಮಿಸ್ ಜೊತೆ ಮಾತಾಡಿದ ಮೇಲೆ ತಿಳೀತು. ಮರಳು ಯಾಕೆ ಬೇಕು, ಬರೀ ಬಾಣಲೆ ಸಾಲದಾ ಅನ್ನೋದು ಇನ್ನೂ ಸರಿಯಾಗಿ ಗೊತ್ತಿಲ್ಲ.’

ಆವಿ, ಒತ್ತಡ, ಹೋಲಿಕೆಗಾಗಿ ಮಾಡಿದ ಪ್ರಯೋಗ, ಉಳಿದ ಸಂದೇಹ ಎಲ್ಲವೂ ಇದರಲ್ಲಿವೆ. ಕಾದ ಮರಳು ಕಾಳನ್ನು ಸುತ್ತಲಿಂದಲೂ ಮುಚ್ಚಿ ಎಲ್ಲ ಕಡೆ ಒಂದೇ ಸಮನಾಗಿ, ಕ್ಷಣದಲ್ಲಿ ಶಾಖ ಮುಟ್ಟಿಸುತ್ತದೆ ಎಂಬುದನ್ನು ಅವಳು ಮುಂದಿನ ತಿಂಗಳು ಶಾಖದ ಪ್ರಸರಣ ಓದುವಾಗ ತಾನೇ ಕಂಡುಕೊಂಡು, ಹಳೆಯ ಟಿಪ್ಪಣಿಯ ಕೆಳಗೆ ದಿನಾಂಕ ಹಾಕಿ ಎರಡು ಸಾಲು ಸೇರಿಸಿದಳು. ರಟ್ಟಿನ ಫೈಲಿನಲ್ಲಿ ಹೀಗೆ ಹಿಂದಕ್ಕೆ ಹೋಗಿ ಸೇರಿಸುವವರಿಲ್ಲ. ಬೆರಳ ತುದಿಯಲ್ಲಿರುವ ಪುಟಕ್ಕೆ ಅದು ಸಾಧ್ಯವಾಗುತ್ತದೆ.

ಟಿಪ್ಪಣಿ ಐದಾರು ಸಾಲು ಮೀರಬೇಕಾಗಿಲ್ಲ. ಬರೆಯಲು ತಡವರಿಸುವ ಮಕ್ಕಳು ಒಂದು ನಿಮಿಷದ ಧ್ವನಿಮುದ್ರಿಕೆ ಕೊಟ್ಟರೂ ಸರಿ. ಶಿಕ್ಷಕರ ಪ್ರತಿಕ್ರಿಯೆ ‘ಉತ್ತಮ’, ‘ಇನ್ನೂ ಪ್ರಯತ್ನಿಸು’ ಎಂಬ ಷರಾ ಆಗಿರದೆ ಮಗು ಬರೆದದ್ದನ್ನೇ ಹಿಡಿದು ಕೇಳಿದ ಒಂದು ಪ್ರಶ್ನೆಯಾಗಿರಲಿ. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಎಲ್ಲರಿಗೂ ಒಟ್ಟಿಗೆ ಬರೆಯಲಾಗದು. ವಾರಕ್ಕೆ ಎಂಟು ಮಕ್ಕಳಂತೆ ತೆಗೆದುಕೊಂಡರೆ ಐದು ವಾರಕ್ಕೆ ಒಂದು ಸುತ್ತು ಮುಗಿಯುತ್ತದೆ.

ಐದನೆಯ ಹಂತ: ತಾಣ ಕಟ್ಟುವುದು

ಇದಕ್ಕೆಂದೇ ಇರುವ ತಂತ್ರಾಂಶಗಳಲ್ಲಿ ಮಹಾರಾ ಎಂಬುದು ನ್ಯೂಜಿಲೆಂಡಿನಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ. ಆದರೆ ಅದನ್ನು ನಡೆಸಲು ಸಂಸ್ಥೆಯ ಸರ್ವರ್ ಮತ್ತು ನೋಡಿಕೊಳ್ಳುವವರು ಬೇಕು. ಶಾಲೆಗೆ ಅಥವಾ ಒಬ್ಬ ಶಿಕ್ಷಕರಿಗೆ ಜಾಲತಾಣ ಕಟ್ಟಿಕೊಡುವ ಗೂಗಲ್ ಸೈಟ್ಸ್ ಸಾಕಾಗುತ್ತದೆ. ಇದನ್ನು ಫೋನಿನಲ್ಲಿ ಮಾಡಲು ಹೆಣಗಾಡುವ ಬದಲು ಕಂಪ್ಯೂಟರಿನಲ್ಲಿ ಮಾಡಬೇಕು.

ಹೊಸ ಸೈಟು ತೆರೆದು ಹೆಸರು ಕೊಟ್ಟ ಮೇಲೆ, ಬಲಬದಿಯ ‘ಪೇಜಸ್’ ವಿಭಾಗದಲ್ಲಿ ಪುಟಗಳನ್ನು ಸೇರಿಸಬೇಕು. ವಿದ್ಯಾರ್ಥಿಗೆ ‘ನನ್ನ ಬಗ್ಗೆ’, ‘ನನ್ನ ಕೆಲಸಗಳು’, ‘ನಾನು ಕಲಿಯುತ್ತಿರುವುದು’, ‘ಇತರ ಚಟುವಟಿಕೆ’ ಎಂಬ ನಾಲ್ಕು ಪುಟ ಸಾಕು. ‘ಇನ್ಸರ್ಟ್’ ವಿಭಾಗದಿಂದ ಡ್ರೈವ್‌ನಲ್ಲಿರುವ ಕಡತವನ್ನು ಎಳೆದು ತಂದು ಇಡಬಹುದು. ಅದರ ಪಕ್ಕದಲ್ಲೇ ಟಿಪ್ಪಣಿಯ ಪಠ್ಯಪೆಟ್ಟಿಗೆ ಇರಲಿ. ಕೃತಿ ಒಂದು ಪುಟದಲ್ಲಿ, ಟಿಪ್ಪಣಿ ಇನ್ನೊಂದು ಪುಟದಲ್ಲಿ ಇದ್ದರೆ ಓದುವವರು ಟಿಪ್ಪಣಿಯನ್ನು ತೆರೆಯುವುದಿಲ್ಲ. ಚಿತ್ರಕ್ಕೆ ಪರ್ಯಾಯ ಪಠ್ಯ ಬರೆಯುವ ಅವಕಾಶವಿದೆ. ‘ಚಿತ್ರ 1’ ಎನ್ನುವ ಬದಲು ‘ಕಬ್ಬಿಣದ ಬಾಣಲೆಯ ಮರಳಿನಲ್ಲಿ ಅರಳುತ್ತಿರುವ ಮಂಡಕ್ಕಿ’ ಎಂದು ಬರೆದರೆ ನೋಡಲಾಗದವರಿಗೂ ಅದು ಮುಟ್ಟುತ್ತದೆ.

ಹೊಸಬರು ಎಡವುವುದು ಅನುಮತಿಯ ವಿಷಯದಲ್ಲಿ. ಸೈಟಿಗೂ ಅದರೊಳಗೆ ಇಟ್ಟ ಡ್ರೈವ್ ಕಡತಕ್ಕೂ ಅನುಮತಿ ಬೇರೆ ಬೇರೆ. ಸೈಟನ್ನು ಎಲ್ಲರಿಗೂ ತೆರೆದು, ಕಡತವನ್ನು ಖಾಸಗಿಯಾಗಿ ಬಿಟ್ಟರೆ ನಿಮಗೆ ಎಲ್ಲವೂ ಕಾಣುತ್ತದೆ, ನೋಡುವವರಿಗೆ ಖಾಲಿ ಚೌಕ ಮಾತ್ರ. ಆದ್ದರಿಂದ ‘ಪಬ್ಲಿಷ್’ ಒತ್ತಿದ ಮೇಲೆ ಬ್ರೌಸರಿನ ಅಜ್ಞಾತ ಕಿಟಕಿಯಲ್ಲಿ, ಅಂದರೆ ಇನ್‌ಕಾಗ್ನಿಟೊದಲ್ಲಿ, ಕೊಂಡಿ ತೆರೆದು ಪ್ರತಿ ಪುಟವನ್ನೂ ನೋಡಬೇಕು. ಆಮೇಲೆ ಒಂದು ಸಾಧಾರಣ ಫೋನಿನಲ್ಲೂ ತೆರೆದು ನೋಡಿ. ಪೋಷಕರು ನೋಡುವುದು ಅದರಲ್ಲೇ.

ಇಂಟರ್ನೆಟ್ ಸರಿಯಾಗಿ ಸಿಗದ ಜಗಳೂರು, ಮೊಳಕಾಲ್ಮೂರು ಕಡೆಯ ಹಳ್ಳಿಗಳ ಶಾಲೆಗಳು ಇದಕ್ಕಾಗಿ ಕಾಯಬೇಕಿಲ್ಲ. ಸ್ಲೈಡ್ ಮಾಡುವ ತಂತ್ರಾಂಶವಾದ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ಮೊದಲ ಸ್ಲೈಡನ್ನು ಪರಿವಿಡಿಯಾಗಿ ಮಾಡಿ, ಅಲ್ಲಿಂದ ಉಳಿದ ಸ್ಲೈಡುಗಳಿಗೆ ಕೊಂಡಿ ಕೊಟ್ಟು, ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ ಅದೂ ಪೂರ್ಣ ಪ್ರಮಾಣದ ಇ-ಕೃತಿಸಂಪುಟವೇ.

ಶಿಕ್ಷಕರ ಕೃತಿಸಂಪುಟ

ಮಕ್ಕಳಿಗೆ ಹೇಳುವ ಮೊದಲು ಶಿಕ್ಷಕರು ತಮ್ಮದೊಂದನ್ನು ಕಟ್ಟಿ ನೋಡುವುದು ಒಳ್ಳೆಯದು. ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲೆಯ ಒಡನಾಟಕ್ಕೆಂದು ಕನಿಷ್ಠ 20 ವಾರಗಳಿವೆ. ಆ ದಿನಗಳೇ ಮೊದಲ ಸಾಮಗ್ರಿ. ಸೇವೆಯಲ್ಲಿರುವವರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಅಭಿವೃದ್ಧಿ ಇರಬೇಕೆಂದು 2020ರ ನೀತಿ ಹೇಳುತ್ತದೆ. ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲೋ ಬ್ಲಾಕ್ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲೋ ಪಡೆದ ತರಬೇತಿಯ ಪ್ರಮಾಣಪತ್ರ ಇಡುವುದರ ಜೊತೆಗೆ, ಆ ತರಬೇತಿಯ ನಂತರ ನನ್ನ ತರಗತಿಯಲ್ಲಿ ಏನು ಬದಲಾಯಿತು ಎಂಬ ಒಂದು ಪ್ಯಾರಾ ಬರೆದಿಡಬೇಕು.

ಮುಖ್ಯವಾಗಿ ಬೇಕಾದದ್ದು ಎರಡು ಮೂರು ಪಾಠಗಳ ಪೂರ್ತಿ ದಾಖಲೆ. ಚಿತ್ರದುರ್ಗದ ಸಮಾಜ ವಿಜ್ಞಾನದ ಶಿಕ್ಷಕಿಯೊಬ್ಬರು ಕೋಟೆಯ ನೀರಿನ ವ್ಯವಸ್ಥೆಯ ಪಾಠವನ್ನು ದಾಖಲಿಸಿದ ರೀತಿ ನನಗೆ ಮಾದರಿಯಾಗಿ ಕಂಡಿತು. ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ, ಸಿಹಿನೀರು ಹೊಂಡ, ಸಂತೆ ಹೊಂಡ ಎಂದು ಮೇಲಿನದು ತುಂಬಿದ ಮೇಲೆ ಕೆಳಗಿನದಕ್ಕೆ ನೀರು ಹರಿಯುವಂತೆ ಕಟ್ಟಿದ ಸರಪಳಿಯನ್ನು ಅವರು ತರಗತಿಯ ಒಂದು ವಿಭಾಗದ (ಸೆಕ್ಷನ್) ಮಕ್ಕಳಿಗೆ ನಕ್ಷೆ ತೋರಿಸಿ ವಿವರಿಸಿದರು. ನಲವತ್ತು ನಿಮಿಷದಲ್ಲಿ ಇಪ್ಪತ್ತೈದು ನಿಮಿಷ ನಕ್ಷೆ ಓದುವುದರಲ್ಲೇ ಕಳೆಯಿತು. ಕೊನೆಯಲ್ಲಿ ಕೇಳಿದಾಗ ಅರ್ಧ ತರಗತಿ ನೀರು ಕೆಳಗಿನಿಂದ ಮೇಲೆ ಹೋಗುತ್ತದೆಂದು ಬಾಣ ಗುರುತು ಹಾಕಿತ್ತು. ಆ ಉತ್ತರಪತ್ರಿಕೆಗಳ ಚಿತ್ರವನ್ನೇ ಅವರು ಪುಟದಲ್ಲಿ ಇಟ್ಟಿದ್ದಾರೆ. ಮರುದಿನ ಇನ್ನೊಂದು ವಿಭಾಗದ ಮಕ್ಕಳನ್ನು ಮೈದಾನದ ಇಳಿಜಾರಿಗೆ ಕರೆದೊಯ್ದು, ಮಣ್ಣಿನಲ್ಲಿ ನಾಲ್ಕು ಗುಂಡಿ ತೋಡಿಸಿ, ಮೇಲಿನ ಗುಂಡಿಗೆ ಕೊಡದಿಂದ ನೀರು ಸುರಿಸಿ, ಆಮೇಲೆ ನಕ್ಷೆ ಕೊಟ್ಟರು. ಎರಡೂ ಪಾಠಯೋಜನೆ, ಎರಡೂ ವಿಭಾಗದ ಉತ್ತರ, ನಡುವೆ ಅವರ ಆರು ಸಾಲಿನ ಟಿಪ್ಪಣಿ. ಶಿಕ್ಷಕರು ತಮ್ಮದೇ ತರಗತಿಯ ತೊಡಕನ್ನು ಹಿಡಿದು ಮಾಡುವ ಕ್ರಿಯಾ ಸಂಶೋಧನೆಯ ಬೀಜ ಅಲ್ಲಿದೆ. ಕೈಕೊಟ್ಟ ಪಾಠವನ್ನು ಮುಚ್ಚಿಡದೆ ಇಟ್ಟ ಕಾರಣಕ್ಕೇ ಆ ಪುಟವನ್ನು ಓದಿದ ಬೇರೆ ಶಿಕ್ಷಕರಿಗೆ ಅದು ಉಪಯೋಗಕ್ಕೆ ಬರುತ್ತದೆ.

ಇನ್ನೊಬ್ಬರು ಮಾಡಿದ ವಿಡಿಯೊ, ಗೈಡಿನ ಪುಟ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಿಪಿಟಿ ಇವುಗಳನ್ನು ತಮ್ಮ ಕೃತಿ ಎಂಬಂತೆ ಇಡಬಾರದು. ಬಳಸಿದ್ದರೆ ಯಾರದು ಎಂದು ಬರೆದು, ನಾನು ಅದರಲ್ಲಿ ಏನು ಬದಲಾಯಿಸಿಕೊಂಡೆ ಎಂದು ಹೇಳಿದರೆ ಸಾಕು.

ಮಕ್ಕಳ ಗುರುತು ಕಾಪಾಡುವುದು

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳೇ. ಅವರ ವೈಯಕ್ತಿಕ ಮಾಹಿತಿ ಬಳಸುವ ಮುನ್ನ ತಂದೆತಾಯಿ ಅಥವಾ ಪಾಲಕರ ಖಚಿತವಾದ ಒಪ್ಪಿಗೆ ಬೇಕು. ಪೋಷಕರ ಸಭೆಯಲ್ಲಿ ಒಂದು ನಿಜವಾದ ಪುಟವನ್ನು ತೆರೆದು ತೋರಿಸಿ, ಏನು ಕಾಣುತ್ತದೆ, ಯಾರಿಗೆ ಕಾಣುತ್ತದೆ ಎಂದು ತಿಳಿಸಿದ ಮೇಲೆ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಬೇಕು. ಒಪ್ಪದ ಪೋಷಕರ ಮಗುವಿಗೆ ಪೆನ್‌ಡ್ರೈವ್‌ನ ಸಂಪುಟ ಮಾಡಿಕೊಟ್ಟರೆ ಅದು ಯಾವುದರಲ್ಲೂ ಹಿಂದೆ ಬೀಳುವುದಿಲ್ಲ.

ಶಾಲಾ ಮಕ್ಕಳ ತಾಣವನ್ನು ಎಲ್ಲರಿಗೂ ತೆರೆದಿಡುವ ಅಗತ್ಯವೇ ಇಲ್ಲ. ಹೆಸರಿಸಿದ ಇಮೇಲ್‌ಗಳಿಗಷ್ಟೇ ಕಾಣುವಂತೆ ಇಡಬಹುದು. ಪೂರ್ತಿ ಹೆಸರು, ಮನೆ ವಿಳಾಸ, ಫೋನ್ ನಂಬರು, ಜನ್ಮದಿನಾಂಕ, ಆಧಾರ್ ಅಥವಾ ಎಸ್‌ಎಟಿಎಸ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಗುರುತು) ಸಂಖ್ಯೆ ಎಲ್ಲಿಯೂ ಬರಬಾರದು. ಅಂಕಪಟ್ಟಿ, ಪ್ರಮಾಣಪತ್ರಗಳ ಸ್ಕ್ಯಾನಿನಲ್ಲಿ ಇವು ಸದ್ದಿಲ್ಲದೆ ನುಸುಳುವುದರಿಂದ ಅವನ್ನು ಮುಚ್ಚಿ ಸ್ಕ್ಯಾನ್ ಮಾಡಬೇಕು. ಫೋಟೋದಲ್ಲಿ ಮುಖಕ್ಕಿಂತ ಕೈ ಮತ್ತು ಕೆಲಸ ಕಂಡರೆ ಸಾಕು. ಫೋನಿನ ಕ್ಯಾಮೆರಾ ಚಿತ್ರದೊಳಗೆ ಸ್ಥಳದ ಮಾಹಿತಿಯನ್ನು ಬರೆದುಕೊಂಡಿರಬಹುದಾದ್ದರಿಂದ ಅದರ ಸೆಟ್ಟಿಂಗ್‌ನಲ್ಲಿ ಸ್ಥಳದ ಗುರುತನ್ನು ಮೊದಲೇ ಆಫ್ ಮಾಡಿಡಬೇಕು.

ಉಳಿಸಿಕೊಳ್ಳುವುದು

ಇದನ್ನು ನಾನು ಪೆಟ್ಟು ತಿಂದು ಕಲಿತೆ. ನನ್ನ ಮೊದಲ ಇ-ಕೃತಿಸಂಪುಟವನ್ನು ನಾನು ಆಗ ಕೆಲಸ ಮಾಡುತ್ತಿದ್ದ ಸಂಸ್ಥೆ ಕೊಟ್ಟ ಇಮೇಲ್ ಖಾತೆಯಲ್ಲಿ ಕಟ್ಟಿದ್ದೆ. ಅಲ್ಲಿಂದ ಬಂದ ಮೇಲೆ ಖಾತೆ ಮುಚ್ಚಿತು. ಎರಡು ವರ್ಷದ ಪಾಠಯೋಜನೆಗಳು, ಮಕ್ಕಳ ಕೆಲಸದ ಚಿತ್ರಗಳು, ನನ್ನದೇ ಟಿಪ್ಪಣಿಗಳು ಅದರ ಜೊತೆ ಹೋದವು. ಟಿಪ್ಪಣಿಗಳನ್ನು ಮತ್ತೆ ಬರೆಯಲು ಕುಳಿತಾಗ ನನಗೆ ನೆನಪಿದ್ದದ್ದು ಚೆನ್ನಾಗಿ ನಡೆದ ಪಾಠಗಳು ಮಾತ್ರ.

ಹೀಗಾಗಿ ಪ್ರತಿ ಅವಧಿಯ ಕೊನೆಗೆ ಮೂರು ಕೆಲಸ ತಪ್ಪದೆ ಆಗಬೇಕು. ಗೂಗಲ್ ಟೇಕ್‌ಔಟ್ ಮೂಲಕ ಡ್ರೈವ್‌ನ ಕಡತಗಳನ್ನು ಇಳಿಸಿಕೊಂಡು ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕಿನಲ್ಲಿ ಇಡುವುದು. ತಾಣದ ಪುಟಗಳನ್ನು ಪ್ರಿಂಟ್ ಆಯ್ಕೆಯಿಂದ ಪಿಡಿಎಫ್ ಮಾಡಿಟ್ಟುಕೊಳ್ಳುವುದು. ಖಾತೆಯ ಪಾಸ್‌ವರ್ಡ್ ಮರೆತರೆ ಹಿಂಪಡೆಯಲು ಕೊಟ್ಟ ಫೋನ್ ನಂಬರು ಈಗಲೂ ಬಳಕೆಯಲ್ಲಿದೆಯೇ ಎಂದು ನೋಡುವುದು. ಮನೆಯಲ್ಲಿ ಸಿಮ್ ಬದಲಾದಾಗ ಮಕ್ಕಳ ಖಾತೆ ಕಳೆದುಹೋಗುವುದು ಈ ಮೂರನೆಯದನ್ನು ಮರೆತಾಗಲೇ. ವೈಯಕ್ತಿಕ ಗೂಗಲ್ ಖಾತೆಯನ್ನು 2 ವರ್ಷ ಮುಟ್ಟದೆ ಬಿಟ್ಟರೆ ಅದನ್ನು ಅಳಿಸುವ ಹಕ್ಕನ್ನು ಕಂಪನಿ ಇಟ್ಟುಕೊಂಡಿದೆ. ಸೇವೆಗಳೂ ನಿಂತುಹೋಗುತ್ತವೆ, ಅನೇಕ ತರಗತಿಗಳಲ್ಲಿ ಬಳಕೆಯಲ್ಲಿದ್ದ ಗೂಗಲ್‌ನ ಡಿಜಿಟಲ್ ಬಿಳಿಹಲಗೆ ಜಾಮ್‌ಬೋರ್ಡ್ 2024ರ ಕೊನೆಗೆ ಮುಚ್ಚಿತು. ಬರಹ, ಚಿತ್ರ, ಧ್ವನಿಗಳನ್ನು ಪಿಡಿಎಫ್, ಜೆಪೆಗ್, ಎಂಪಿ3ಯಂಥ ಎಲ್ಲಿ ಬೇಕಾದರೂ ತೆರೆಯುವ ರೂಪದಲ್ಲಿ ಇಟ್ಟುಕೊಂಡವರು ಅವನ್ನು ಬೇರೆ ಕಡೆಗೆ ಸುಲಭವಾಗಿ ಒಯ್ಯಬಹುದು.

ಹತ್ತನೇ ತರಗತಿ ಮುಗಿಸಿದ ವಿದ್ಯಾರ್ಥಿಗಳು ವರ್ಗಾವಣೆ ಪತ್ರ ಒಯ್ಯಲು ಶಾಲೆಗೆ ಬರುತ್ತಾರಲ್ಲ, ಅದೇ ದಿನ ಅವರ ಸಂಪುಟದ ಫೋಲ್ಡರನ್ನು ಅವರ ಸ್ವಂತ ಖಾತೆಗೆ ನಕಲು ಮಾಡಿಕೊಟ್ಟು, ಅವರ ಕೈಯಿಂದಲೇ ಒಂದು ಕಡತ ತೆರೆಸಿ ನೋಡಿ, ಆಮೇಲಷ್ಟೇ ಶಾಲೆಯ ಪ್ರತಿಯನ್ನು ತೆಗೆಯಬೇಕು.